ಜೀಪಿಗೆ ಹಾಕಿದ ಕೀಲೆಣ್ಣೆ

ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತ ಕೂತಿದ್ದೆ. ಅಂಟಬಾರದೆಂದು ಅಂಗೈಗೆ ಎಣ್ಣೆ ಸವರಿಕೊಂಡಿದ್ದೆ. ಅತ್ತೆಯವರು ಎದುರಿಗೆ ಕೂತು ನಾರು ತೆಗೆಯುತ್ತಿದ್ದರು. ಬಿಸಿಲು ಇನ್ನೂ ಜಗಲಿ ಹತ್ತಿರಲಿಲ್ಲ. ನಲ್ಲೂರಿನಿಂದ ವೀಳ್ಯದೆಲೆ ತಂದು ಮಾರುವ ಮುದುಕ ಬಾಗಿಲಿಗೆ ಬಂದು ಪೆಂಡಿ ಇಳಿಸಿದ. ದಿನವೂ ಎಲೆಯ ಮಾತು ಮೊದಲು ಆಡುವವನು ಅಂದು ಬೇರೆಯದನ್ನೇ ಹೇಳಿದ.

"ನಿಮ್ಮ ಡಾಕ್ಟರಮ್ಮನ ಜೀಪು ನಮ್ಮೂರ ಈಚೆ ದಾರೀಲಿ ನಿಂತೈತಮ್ಮ. ಬೀಸೋ ಕಲ್ಲಿಗೆ ಬೆಣಚುಕಲ್ಲು ಹಾಕಿ ಬೀಸಿದಂಗೆ ಸದ್ದು ಮಾಡ್ತಂತೆ. ಮುಂದಿನ ಗಾಲಿ ತಿರುಗವಲ್ವು."

ಯಾರಿಗಾದರೂ ಏಟು ಬಿತ್ತೇ ಎಂದು ಅತ್ತೆಯವರು ಕೇಳಿದರು. ಯಾರಿಗೂ ಏನೂ ಆಗಿಲ್ಲ, ಡ್ರೈವರಪ್ಪ ಎತ್ತು ಹುಡುಕಲು ಹೋಗಿದ್ದಾನೆ ಎಂದ. ಶಿವ ದೊಡ್ಡವನು ಎಂದುಕೊಂಡೆ. ಆದರೆ 'ಮುಂದಿನ ಗಾಲಿ' ಎಂಬ ಮಾತಿಗೆ ನನ್ನ ಕೈಯಲ್ಲಿದ್ದ ಗುಂಡುಕಲ್ಲು ಅಲ್ಲೇ ನಿಂತಿತ್ತು. ಅತ್ತೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ.

ಇದು ದೊಡ್ಡ ಯುದ್ಧ ಮುಗಿದ ಮರುವರ್ಷದ ಮಾತು. ನಾವು ಚನ್ನಗಿರಿಯಲ್ಲಿದ್ದೆವು. ನಮ್ಮವರು ಯುದ್ಧದಲ್ಲಿ ಲಾರಿ ಓಡಿಸಿ, ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಬಂದಿದ್ದರು. ಊರ ನಾಲ್ಕು ಜನ ಅನುಕೂಲಸ್ಥರು ಸೇರಿ, ಮಿಲಿಟರಿಯವರು ಹಳತಾಯಿತೆಂದು ಮಾರಿದ ಒಂದು ಜೀಪನ್ನು ತರಿಸಿ ಡಾಕ್ಟರಮ್ಮನಿಗೆ ಕೊಟ್ಟಿದ್ದರು. ಓಡಿಸುವವರು ನಮ್ಮವರು. ಬಣ್ಣ ಎದ್ದ ಗಾಡಿ, ಆದರೂ ಅದರ ಚಂದವೇ ಬೇರೆ. ನಾಲ್ಕು ಗಾಲಿಯೂ ಎಳೆಯುತ್ತಿದ್ದವು. ಹೊನ್ನಾಳಿ, ನ್ಯಾಮತಿ ಕಡೆಯ ಎರೆನೆಲದಲ್ಲಿ ಮಳೆ ಬಿದ್ದರೆ ಎತ್ತಿನ ಗಾಡಿ ಅಚ್ಚಿನ ತನಕ ಹೂತುಹೋಗುತ್ತಿತ್ತು. ಅಂಥಲ್ಲಿ ನಮ್ಮವರು ಕಾಲ ಬಳಿಯ ಸಣ್ಣ ಲಿವರನ್ನು ಎಳೆದರೆ, ಕೆರೆಯಿಂದ ಎಮ್ಮೆ ಎದ್ದು ಬರುವ ಹಾಗೆ ಈ ಜೀಪು ಮೇಲೆದ್ದು ಬರುತ್ತಿತ್ತು. ಈಗ ರಸ್ತೆಯಲ್ಲಿ ಎಷ್ಟೋ ಗಾಡಿ ಓಡುತ್ತವೆ. ಓಣಿಯ ತಿರುವಿನಲ್ಲಿ ಕೇಳುತ್ತಿದ್ದ ಆ ಸದ್ದು, ಕೇಳಿದ ಕೂಡಲೇ ಒಲೆಯ ಮೇಲೆ ಹೆಂಚಿಡುತ್ತಿದ್ದ ನನ್ನ ಕೈ, ಎರಡೂ ಇವತ್ತಿಗೂ ನೆನಪಿವೆ.

ಆ ವಾರ ಜಗಳೂರು ಕಡೆ ವಾಂತಿಭೇದಿ ಕಾಣಿಸಿಕೊಂಡಿತ್ತು. ಬಿಳಿಚೋಡಿನ ಆಚೆಯ ಎರಡು ಹಟ್ಟಿಗಳಲ್ಲಿ ಜನ ಮಲಗಿದ್ದರು. ಮುದುಕ ಬಂದ ದಿನ ಸೇರಿ ನಾಲ್ಕನೆಯ ದಿನ ಬಿಳಿಚೋಡಿನ ಸಂತೆ. ಸಂತೆಗೆ ಮೊದಲು ಅಲ್ಲಿನ ಬಾವಿಗಳಿಗೆ ಔಷಧಿ ಪುಡಿ ಹಾಕಬೇಕು, ಬಂದವರಿಗೆಲ್ಲ ಸೂಜಿ ಚುಚ್ಚಬೇಕು, ಇಲ್ಲದಿದ್ದರೆ ಜನ ಬೇನೆಯನ್ನು ಬುಟ್ಟಿಯಲ್ಲಿ ಹೊತ್ತ ಹಾಗೆ ಊರೂರಿಗೆ ಒಯ್ಯುತ್ತಾರೆ ಎಂದು ಡಾಕ್ಟರಮ್ಮ ಹೇಳಿದ್ದರು. ಔಷಧಿಯ ಪೆಟ್ಟಿಗೆ, ಪುಡಿಯ ಪೀಪಾಯಿ ಆಸ್ಪತ್ರೆಗೆ ಬಂದಿಳಿದಿದ್ದವು. ನ್ಯಾಮತಿಯಲ್ಲಿ ಕೆಲಸ ಮುಗಿಸಿ ಬಂದವರು ಮರುದಿನವೇ ಅತ್ತ ಹೊರಡಬೇಕಿತ್ತು. ಬಸ್ಸು ದಾವಣಗೆರೆಯ ತನಕ ಮಾತ್ರ. ಎತ್ತಿನ ಗಾಡಿಯಲ್ಲಿ ಹೊರಟರೆ ಸಂತೆ ಮುಗಿದ ಮೇಲೆ ಮುಟ್ಟುವ ಲೆಕ್ಕ. ಜೀಪು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇನ್ನು ನನ್ನ ಕೈ ಯಾಕೆ ನಿಂತಿತು ಎಂಬುದನ್ನು ಹೇಳಬೇಕು.

ಹದಿನೈದು ದಿನದ ಹಿಂದೆ ನಮ್ಮವರಿಗೆ ಚಳಿಜ್ವರ. ಎರಡು ಕಂಬಳಿ ಹೊದ್ದರೂ ಮಂಚ ಅಲುಗುವಷ್ಟು ನಡುಕ. ಆ ಮಂಪರಿನಲ್ಲೇ ಅವರು, ಜೀಪಿನ ಮುಂದಿನ ಅಚ್ಚಿನಲ್ಲಿ ಎಣ್ಣೆ ಒಸರುತ್ತಿದೆ, ಡಬ್ಬಿಯಲ್ಲಿದ್ದದ್ದನ್ನು ತುಂಬಬೇಕು, ಜ್ವರ ಬಿಟ್ಟ ಕೂಡಲೇ ಡಾಕ್ಟರಮ್ಮ ಹೊರಡುತ್ತಾರೆ ಎಂದು ಒಂದೇ ಸಮನೆ ಅನ್ನುತ್ತಿದ್ದರು. ನಾನು ಅಟ್ಟದಿಂದ ಡಬ್ಬಿ ಇಳಿಸಿ ನೋಡಿದರೆ ತಳದಲ್ಲಿ ಒಂದು ಗುಟುಕೂ ಇರಲಿಲ್ಲ. ಅದೇ ದಿನ ನಾನೂ ಅತ್ತೆಯೂ ಮನೆಯ ಎತ್ತಿನ ಗಾಡಿಗೆಂದು ಕೀಲೆಣ್ಣೆ ಮಾಡಿದ್ದೆವು. ಹುಲ್ಲು ಸುಟ್ಟ ಕರಿಯನ್ನು ಜರಡಿ ಹಿಡಿದು ಹರಳೆಣ್ಣೆಯಲ್ಲಿ ಕಲಸಿದರೆ ಕೀಲೆಣ್ಣೆ. ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ನೇತುಹಾಕುವುದು ಎಲ್ಲರ ಮನೆಯ ಪದ್ಧತಿ. ನಮ್ಮ ಮನೆಯ ಕೀಲೆಣ್ಣೆಗೆ ಓಣಿಯಲ್ಲಿ ಹೆಸರಿತ್ತು, ಕೇಳಿ ಒಯ್ಯುತ್ತಿದ್ದರು.

ಅಚ್ಚು ಅಂದ ಮೇಲೆ ಅಚ್ಚೇ ಅಲ್ಲವೇ ಎಂದುಕೊಂಡೆ. ಅವರು ಎಣ್ಣೆ ಹಾಕುವಾಗ ಆಲಿಕೆ ಹಿಡಿದು ನಿಂತವಳು ನಾನೇ, ಯಾವ ಬಿರಡೆ ತಿರುಗಿಸಬೇಕು ಎಂಬುದು ಗೊತ್ತಿತ್ತು. ಕೀಲೆಣ್ಣೆ ಮಂದವಾಗಿತ್ತು, ಒಲೆಯ ಮೇಲಿಟ್ಟು ಬೆಚ್ಚಗೆ ಮಾಡಿ, ಇಳಿಯುವ ಹಾಗಾದ ಮೇಲೆ ಮುಂದಿನ ಅಚ್ಚಿನ ನಡುವೆ ಗಡಿಗೆಯ ಹಾಗೆ ಗುಂಡಗಿರುವ ಉಬ್ಬಿಗೆ ತುಂಬಿದೆ. ಉಳಿದದ್ದನ್ನು ಹಿಂದಿನದಕ್ಕೂ ಸುರಿದೆ. ಅತ್ತೆ ಪಕ್ಕದಲ್ಲಿ ನಿಂತು, ಇನ್ನು ಇದು ಗಡಗಡ ಅನ್ನುವುದಿಲ್ಲ ನೋಡು ಎಂದರು. ಜ್ವರ ಬಿಟ್ಟ ಮೇಲೆ ನಮ್ಮವರಿಗೆ, ಎಣ್ಣೆ ತುಂಬಿದ್ದೇನೆ ಎಂದೆ. ಡಬ್ಬಿಯದೇ ತುಂಬಿದಳು ಎಂದು ಅವರು ತಿಳಿದರು. ನಾನೂ ಬಿಡಿಸಿ ಹೇಳಲಿಲ್ಲ. ಹೇಳಬಾರದೆಂದಲ್ಲ. ಹೇಳುವಂಥದ್ದೇನೋ ಇದೆ ಎಂದು ನನಗೆ ತೋಚಲೇ ಇಲ್ಲ.

ಸಂಜೆ ದೀಪ ಹಚ್ಚುವ ಮೊದಲು ಜೀಪು ಬಂತು. ಎರಡು ಜೋಡಿ ಎತ್ತು ಎಳೆಯುತ್ತಿದ್ದವು. ನಾಲ್ಕು ಮಾರಿಗೊಮ್ಮೆ ಮುಂದಿನ ಗಾಲಿಗಳು ಕಚ್ಚಿಕೊಂಡು ಮಣ್ಣಿನ ಮೇಲೆ ಗೀರೆಳೆಯುತ್ತಿದ್ದವು, ಎತ್ತುಗಳು ಮುಗ್ಗರಿಸುತ್ತಿದ್ದವು. ಓಣಿಯ ಗಾಡಿಯವರಿಗೆ ನಗಲು ಅಷ್ಟು ಸಾಕಾಯಿತು. ಡಾಕ್ಟರಮ್ಮ ಸೆರಗಿನಲ್ಲಿ ಮುಖದ ಧೂಳು ಒರೆಸಿಕೊಂಡು, ನಾಳೆ ಬೆಳಿಗ್ಗೆ ಮೇಸ್ತ್ರಿಗೆ ಹೇಳಿಕಳಿಸಿ ಎಂದಷ್ಟೇ ಹೇಳಿ ನಡೆದುಕೊಂಡು ಹೋದರು.

ಮೇಸ್ತ್ರಿ ನಮ್ಮೂರಿನ ಸಾಬರು. ಬಸ್ಸು, ಗಿರಣಿ ಎಂಜಿನ್, ಬಾವಿಯ ರಾಟೆ ಎಲ್ಲಕ್ಕೂ ಅವರೇ. ಬೆಳಿಗ್ಗೆ ನಮಾಜು ಮುಗಿಸಿ ಬಂದು, ನಮ್ಮ ಹಿತ್ತಲಿನಲ್ಲಿ ಜೀಪಿನ ಮೂತಿಯನ್ನು ಎರಡು ಮರದ ದಿಮ್ಮಿಗಳ ಮೇಲೆ ಕೂರಿಸಿದರು. ಮುಂದಿನ ಅಚ್ಚಿನ ನಡುವೆ ಗಡಿಗೆಯಂಥದ್ದು ಇದೆಯಲ್ಲ, ಅವರ ಬಾಯಲ್ಲಿ ಅದು 'ಡಿಫ್ರಿನ್ಸಲ್'. ಎಂಜಿನ್ನಿನ ತಿರುಗುವಿಕೆಯನ್ನು ಎರಡೂ ಗಾಲಿಗೆ ಹಂಚುವ ಜಾಗ ಅದು. ಅದರ ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಕೆಳಗೆ ನಮ್ಮ ಹಳೆಯ ಕಬ್ಬಿಣದ ಬಾಣಲೆ ಇಟ್ಟರು. ಬಾಣಲೆಗೆ ಎಣ್ಣೆ ಸುರಿಯಲಿಲ್ಲ. ಕರೀ ಹಿಟ್ಟಿನ ಮುದ್ದೆ ಜಾರಿ ಬಿತ್ತು. ಅದರೊಳಗೆ ಮುರಿದ ಹಲ್ಲುಗಳು.

ನಾನು ಹಿತ್ತಲ ಬಾಗಿಲ ಒಳಗೆ ನಿಂತು ನೋಡುತ್ತಿದ್ದೆ. ದೊಡ್ಡ ಹಲ್ಲುಚಕ್ರದ ಒಂದು ಕಡೆ ಹಲ್ಲುಗಳು ಸಾಲಾಗಿ ಉದುರಿದ್ದವು. ಅದನ್ನು ತಿರುಗಿಸುವ ಸಣ್ಣ ಚಕ್ರ ತನ್ನ ಜಾಗ ಬಿಟ್ಟು ಅಲುಗಾಡುತ್ತಿತ್ತು. ಹಲ್ಲಿಗೆ ಎಣ್ಣೆ ಏರಿಲ್ಲ, ಬೇರಿಂಗು ಒಣಗಿ ಸುಟ್ಟಿದೆ, ಅದು ಸಡಿಲಾದ ಮೇಲೆ ಹಲ್ಲಿಗೆ ಹಲ್ಲು ಹೊಡೆದಿದೆ ಎಂದು ಮೇಸ್ತ್ರಿ ಬಿಡಿಸಿ ಹೇಳಿದರು.

ಡಾಕ್ಟರಮ್ಮ ಬಗ್ಗಿ ನೋಡಿ, ಹೋದ ತಿಂಗಳು ಇದನ್ನು ಬಿಚ್ಚಿದವರು ನೀವೇ ಅಲ್ಲವೇ ಎಂದು ಮೇಸ್ತ್ರಿಯನ್ನು ಕೇಳಿದರು. ದನಿ ಏರಿಸಲಿಲ್ಲ, ಆದರೂ ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಅವರು ಆ ಕರಿಯನ್ನು ಎರಡು ಬೆರಳಲ್ಲಿ ತಿಕ್ಕಿ ಮೂಸಿದರು.

"ಇದು ಗಾಡಿ ಗೇರಿಗೆ ಹಾಕೋ ಎಣ್ಣೆ ಅಲ್ಲ ಅಮ್ಮಾ. ಹರಳೆಣ್ಣೆ ವಾಸನೆ. ನಾನು ಇದನ್ನ ಹಾಕಿಲ್ಲ, ಖುದಾನ ಆಣೆ."

ನಮ್ಮವರು ಬಾಣಲೆ ನೋಡಿದರು. ತಮ್ಮ ಮನೆಯ ಕೀಲೆಣ್ಣೆಯ ವಾಸನೆ ಯಾರಿಗೆ ತಿಳಿಯುವುದಿಲ್ಲ? ಒಂದು ಸಲ ಬಾಗಿಲ ಕಡೆ ಕಣ್ಣು ಹಾಯಿಸಿ ತಿರುಗಿದರು.

"ನಾನೇ ಹಾಕ್ದೆ ಅಮ್ಮಾವ್ರೆ. ಜ್ವರದಾಗೆ ಬುದ್ಧಿ ನೆಟ್ಟಗಿರಲಿಲ್ಲ. ಮೇಸ್ತ್ರಿಗಳದ್ದು ಏನೂ ತಪ್ಪಿಲ್ಲ."

ಡಾಕ್ಟರಮ್ಮ ತಲೆಯೆತ್ತಿ ನಮ್ಮವರನ್ನು ನೋಡಿದರು. ಯುದ್ಧದಲ್ಲಿ ಗಾಡಿ ಓಡಿಸಿದವನು ಹೀಗೆ ಮಾಡಿದನೇ ಎಂದು ಅವರ ಕಣ್ಣು ಕೇಳಿತು. ಜೀಪು ಕೊಡಿಸಿದವರಲ್ಲಿ ಒಬ್ಬರು ಮೊದಲಿನಿಂದಲೂ ತಮ್ಮ ಕಡೆಯ ಡ್ರೈವರನ್ನು ಇಡಬೇಕೆಂದು ಹೇಳುತ್ತಿದ್ದದ್ದು ನಮಗೂ ಗೊತ್ತಿತ್ತು.

ಮೇಸ್ತ್ರಿ ಮುಂದಿನ ದಾರಿ ಹೇಳಿದರು. ಹೊಸ ಹಲ್ಲುಚಕ್ರ ಬೊಂಬಾಯಿಯಿಂದ ಬರಬೇಕು, ಯಾವಾಗ ಬರುತ್ತದೋ ದೇವರೇ ಬಲ್ಲ. ಅಲ್ಲಿಯ ತನಕ ಮುಂದಿನ ಅಚ್ಚನ್ನು ಮಲಗಿಸಿಬಿಡೋಣ. ಎಂಜಿನ್ನಿನಿಂದ ಮುಂದಕ್ಕೆ ಬರುವ ಉದ್ದನೆಯ ಶಾಫ್ಟು ಬಿಚ್ಚಿಡೋಣ. ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಇರುವ ತಟ್ಟೆ ತೆಗೆದರೆ ಗಾಲಿಗೂ ಒಳಗಿನ ಅಚ್ಚಿಗೂ ಸಂಬಂಧ ತಪ್ಪುತ್ತದೆ, ಗಾಲಿ ಎತ್ತಿನ ಗಾಡಿಯದರ ಹಾಗೆ ತನ್ನಷ್ಟಕ್ಕೆ ತಾನು ಉರುಳುತ್ತದೆ.

"ಹಿಂದಿನದು ಗಟ್ಟಿ ಐತೆ. ಅದ್ರ ಮ್ಯಾಲೇ ಬಿಳಿಚೋಡು ಮುಟ್ಟಬಹುದು" ಎಂದರು.

ಹಿಂದಿನದು ಗಟ್ಟಿ ಇದೆ ಎಂದು ನಮ್ಮವರೂ ತಲೆಯಾಡಿಸಿದರು. ಅದಕ್ಕೂ ನಾನು ಸುರಿದದ್ದು ಅವರಿಗೆ ಗೊತ್ತಿರಲಿಲ್ಲವಲ್ಲ.

ನಾನು ಹೊಸಿಲ ಮೇಲೆ ಕಾಲಿಡುವಾಗ ಅತ್ತೆ ಸೆರಗು ಹಿಡಿದು ಎಳೆದರು.

"ಗಂಡಸು ತನ್ನ ತಲೆ ಮ್ಯಾಲೆ ಹಾಕ್ಕೊಂಡು ಆಗೈತೆ, ನೀ ಯಾಕೆ ಹೊರಗೆ ಹೋಗ್ತಿ? ಊಟಕ್ಕೆ ಒಳಗೆ ಬಂದಾಗ ಕಿವೀಲಿ ಹೇಳು. ಅವ್ನೇ ಏನಾರ ಮಾಡ್ತಾನೆ."

ಅತ್ತೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ಕಿವಿಯಲ್ಲಿ ಹೇಳಬಹುದಿತ್ತು. ಹೇಳಿದರೆ ಅವರು ಮತ್ತೆ ಹೊರಗೆ ಹೋಗಿ, ಹಿಂದಿನದಕ್ಕೂ ನಾನೇ ಹಾಕಿದೆ, ಮರೆತಿದ್ದೆ ಎನ್ನಬೇಕಾಗುತ್ತಿತ್ತು. ಒಂದು ತಪ್ಪು ಜ್ವರದ್ದು ಎಂದಾರು, ಎರಡನೆಯದನ್ನು ಏನೆಂದಾರು? ಆ ಮೇಲೆ ಅವರ ಕೈಗೆ ಗಾಡಿ ಕೊಡುವವರು ಯಾರು? ಕೊರಳಿನ ಲಿಂಗವನ್ನು ಒಂದು ಸಲ ಮುಟ್ಟಿಕೊಂಡೆ. ಸೆರಗು ಅತ್ತೆಯ ಕೈಯಿಂದ ಬಿಡಿಸಿಕೊಂಡು, ತಲೆಗೆ ಹೊದ್ದು, ಅಂಗಳಕ್ಕೆ ಇಳಿದೆ.

"ಅವರಲ್ಲ ಅಮ್ಮಾವ್ರೆ, ನಾನು ಹಾಕಿದ್ದು. ಅವರಿಗೆ ಗೊತ್ತೂ ಇಲ್ಲ. ಹಿಂದಿನದಕ್ಕೂ ಹಾಕೀನಿ."

ಮೇಸ್ತ್ರಿ ಕೈಯಲ್ಲಿದ್ದ ಬೋಲ್ಟು ತಿರುಗಿಸುವ ಪಾನಾವನ್ನು ನೆಲಕ್ಕಿಟ್ಟು ಹಾಗೇ ಕುಕ್ಕರಿಸಿದರು. "ಯಾ ಅಲ್ಲಾ! ಅದರ ಮ್ಯಾಲೇ ಕಳಿಸ್ತಿದ್ನಲ್ಲಮ್ಮಾ ನಾನು."

ನಮ್ಮವರು ನನ್ನ ಕಡೆ ನೋಡಲಿಲ್ಲ. ಡಾಕ್ಟರಮ್ಮ ನೋಡಿದರು. ಎಷ್ಟು ಹಾಕಿದಿರಿ, ಬಿಸಿ ಮಾಡಿದ್ದಿರಾ, ಕರಿ ಯಾವ ಹುಲ್ಲಿನದು, ಎಷ್ಟು ದಿನವಾಯಿತು ಎಂದು ರೋಗಿಯನ್ನು ವಿಚಾರಿಸುವ ಹಾಗೆ ಒಂದೊಂದೇ ಕೇಳಿದರು. ಮುಂದಿನದಕ್ಕೆ ಚೊಂಬಿನ ಮುಕ್ಕಾಲು, ಹಿಂದಿನದಕ್ಕೆ ಉಳಿದ ಕಾಲು ಎಂದೆ.

"ಕಡಿಮೆ ಹೋಗಿದೆ" ಎಂದರು ಮೇಸ್ತ್ರಿಗೆ. "ಬಿಚ್ಚಿ ನೋಡಿ. ಇವರು ಹೇಳದೆ ಇದ್ದಿದ್ರೆ ನಾಳೆ ಅಡವೀಲಿ ಕೂತಿರ್ತಿದ್ವಿ."

ಬೈಗುಳಕ್ಕೆ ತಲೆ ಬಗ್ಗಿಸಿ ನಿಂತವಳಿಗೆ ಆ ಮಾತು ಹೊರಲಾರದಷ್ಟು ಭಾರವಾಯಿತು. ಅಳು ಬಂತು. ಅಳಲು ಪುರಸೊತ್ತಿರಲಿಲ್ಲ.

ಹಿಂದಿನ ಮುಚ್ಚಳ ತೆಗೆದಾಗ ಕರಿ ಬೆರೆತ ಎಣ್ಣೆಯೇ ಬಂತು, ಮುದ್ದೆಯಾಗಿರಲಿಲ್ಲ. ಮೇಸ್ತ್ರಿ ಅದನ್ನು ಬಿಸಿಲಿಗೆ ಹಿಡಿದು ಬೆರಳಲ್ಲಿ ಹರಡಿದರು. ಸಣ್ಣಗೆ ಮಿಂಚುವ ಪುಡಿ ಕಂಡಿತು. ಸವೆಯಲು ಶುರುವಾಗಿದೆ, ಇನ್ನೊಂದು ವಾರ ಓಡಿದ್ದರೆ ಇದಕ್ಕೂ ಅದೇ ಗತಿ ಎಂದರು. ಒಳಗೆಲ್ಲ ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಒಂದು ಚಿಟಿಕೆ ಕರಿಯೂ ಉಳಿಯಬಾರದು. ಸೀಮೆಎಣ್ಣೆ ಆಗ ರೇಷನ್ನಿನಲ್ಲಿ ಸಿಗುತ್ತಿದ್ದದ್ದು. ಮನೆಯಲ್ಲಿದ್ದ ತಿಂಗಳಿನ ಪಾಲನ್ನೆಲ್ಲ ತಂದಿಟ್ಟೆ. ದೇವರ ಮುಂದಿನ ದೀಪಕ್ಕೆ ಹೇಗೂ ಎಳ್ಳೆಣ್ಣೆ ಇತ್ತು.

ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಗಡಿಗೆಯ ಮೂಲೆಗೆ ಮೇಸ್ತ್ರಿಯ ಕೈ ಹೋಗಲಿಲ್ಲ, ನಮ್ಮವರದೂ ಹೋಗಲಿಲ್ಲ. ಬಳೆ ಮೇಲಕ್ಕೆ ಸರಿಸಿಕೊಂಡು ನಾನು ಕೈ ಹಾಕಿದೆ. ತೆಂಗಿನ ನಾರಿನ ಕುಂಚದಲ್ಲಿ ಉಜ್ಜುವುದು, ಸೀಮೆಎಣ್ಣೆ ಹೊಯ್ಯುವುದು, ಕೆಳಗೆ ಇಳಿದದ್ದನ್ನು ಆಸ್ಪತ್ರೆಯಿಂದ ಡಾಕ್ಟರಮ್ಮ ಕಳಿಸಿದ ಪಟ್ಟಿಬಟ್ಟೆಯಲ್ಲಿ ತುಪ್ಪ ಸೋಸುವ ಹಾಗೆ ಸೋಸಿ ಮತ್ತೆ ಹೊಯ್ಯುವುದು. ಮೊದಲ ಸಲ ಬಟ್ಟೆ ಕಾಡಿಗೆಯಾಯಿತು. ಎರಡನೆಯ ಸಲ ಬೂದಿ ಬಣ್ಣ. ಐದನೆಯ ಸಲಕ್ಕೆ ಬಿಳಿ ಬಟ್ಟೆ ಬಿಳಿಯಾಗೇ ಉಳಿಯಿತು. ಮೇಸ್ತ್ರಿ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ, ಹಲ್ಲು ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಮ್ಮಾ, ಚಕ್ಕೆ ಎದ್ದಿದ್ದರೆ ಉಗುರಿಗೆ ಸಿಗುತ್ತದೆ ಎಂದರು. ಹಲ್ಲಿಗೊಂದು ಸಲ ಶಿವನ ಹೆಸರು ಹೇಳಿಕೊಂಡು ಎಣಿಸಿದೆ. ಮೂವತ್ತೊಂಬತ್ತು. ಎಲ್ಲೂ ಉಗುರು ಸಿಕ್ಕಲಿಲ್ಲ.

ಗಡಿಗೆಗೂ ಮುಚ್ಚಳಕ್ಕೂ ನಡುವೆ ಹಾಕುವ ಕಾಗದ ಹರಿದಿತ್ತು. ಬಳೆಗಾರ ಬಿಟ್ಟುಹೋಗಿದ್ದ ರಟ್ಟಿನ ಪೆಟ್ಟಿಗೆಯನ್ನು ಅಳತೆಗೆ ಕತ್ತರಿಸಿ, ಎರಡೂ ಕಡೆ ಬಟ್ಟೆ ಸೋಪು ತೇದು ಹಚ್ಚಿ ಕೂರಿಸಿದರು. ಎಣ್ಣೆ ಒಸರಬಾರದು ಅಷ್ಟೆ. ಇನ್ನು ಗೇರಿನ ಎಣ್ಣೆ. ಮೇಸ್ತ್ರಿಯ ಹತ್ತಿರ ಇದ್ದದ್ದು ಅರ್ಧ ಡಬ್ಬಿ. ಎರಡು ಅಚ್ಚಿಗೆ ಸಾಲುತ್ತಿರಲಿಲ್ಲ. ಒಂದಕ್ಕೆ ಸರಿಯಾಗಿ ಕುತ್ತಿಗೆಯ ತನಕ ಬಂತು. ಮುಂದಿನದು ಸತ್ತದ್ದರಿಂದ ಹಿಂದಿನದಕ್ಕೆ ಹೊಟ್ಟೆ ತುಂಬಿತು ಎಂದು ಅವರು ನಕ್ಕರು. ಆ ದಿನ ಅಂಗಳದಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಮೂರನೆಯ ದಿನ ಬೆಳಿಗ್ಗೆ ಮುಂದಿನ ಗಾಲಿಗಳ ಕೆಲಸ. ಶಾಫ್ಟನ್ನು ಹಿಂದಿನ ದಿನವೇ ಬಿಚ್ಚಿ ಅಟ್ಟದ ಮೇಲೆ ಇಟ್ಟಾಗಿತ್ತು. ಅದನ್ನು ಬಿಚ್ಚದೆ ಬಿಟ್ಟರೂ ನಡೆಯುತ್ತಿತ್ತು, ಆದರೆ ಕೆಸರು ಕಂಡರೆ ಡ್ರೈವರನ ಕೈ ತಾನಾಗೇ ಲಿವರಿಗೆ ಹೋಗುತ್ತದೆ, ನಂಬುವ ಹಾಗಿಲ್ಲ ಎಂದರು ಮೇಸ್ತ್ರಿ. ಗಾಲಿಯ ನಡುವಿನ ತಟ್ಟೆಗಳನ್ನು ಆರಾರು ಬೋಲ್ಟು ಬಿಚ್ಚಿ ತೆಗೆದರು. ಅಲ್ಲಿ ಅಂಗೈಯಗಲ ಬಾಯಿ ತೆರೆದು ಒಳಗಿನ ಬೇರಿಂಗು ಕಾಣುತ್ತಿತ್ತು. ಜಗಳೂರಿನ ದಾರಿಯ ಧೂಳು ಒಳಗೆ ಹೋದರೆ ಅದೂ ಮುಗಿದ ಹಾಗೆ. ನಾನು ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿಯೊಂದನ್ನು, ಅರಿಸಿನದ ಡಬ್ಬಿಯೊಂದನ್ನು ಖಾಲಿ ಮಾಡಿ ತಂದೆ. ಮುಚ್ಚಳಗಳನ್ನು ದುಂಡಗೆ ಕತ್ತರಿಸಿ, ತೂತು ಹೊಡೆದು, ಕೆಳಗೆ ಹಳೆಯ ಚಪ್ಪಲಿಯ ತೊಗಲು ಕೊಟ್ಟು ಬೋಲ್ಟು ಬಿಗಿದರು.

ನಮ್ಮವರು ಹಿಂದಿನ ದಿನದಿಂದ ನನ್ನ ಜೊತೆ ಮಾತಾಡಿರಲಿಲ್ಲ. ಕೊನೆಯ ಬೋಲ್ಟು ಬಿಗಿಯುವಾಗ ಕೈ ಚಾಚಿ, "ಆ ಪಾನಾ ಕೊಡು" ಎಂದರು. ಕೊಟ್ಟೆ. ನನಗೆ ಅಷ್ಟೇ ಸಾಕಿತ್ತು.

ಸೂಳೆಕೆರೆ ದಾರಿಯಲ್ಲಿ ಎರಡು ಮೈಲಿ ಓಡಿಸಿ ನೋಡಿ ಬಂದರು. ಸದ್ದು ಇರಲಿಲ್ಲ. ಮೇಸ್ತ್ರಿ ಹೊರಡುವ ಮುಂಚೆ ಒಂದು ಮಾತು ಒತ್ತಿ ಹೇಳಿದರು. ಐದೈದು ಮೈಲಿಗೆ ಗಾಡಿ ನಿಲ್ಲಿಸಿ ಹಿಂದಿನ ಗಡಿಗೆಯ ಮೇಲೆ ಅಂಗೈ ಇಟ್ಟು ನೋಡಬೇಕು. ಕೈ ಇಡಲಾಗದಷ್ಟು ಕಾದರೆ ಅಲ್ಲೇ ನಿಲ್ಲಬೇಕು, ಒಂದು ಮಾರೂ ಮುಂದೆ ಹೋಗಬಾರದು. ಐದನೆಯ ಸಲದ ಬಟ್ಟೆ ಬಿಳಿಯಾಗಿದ್ದದ್ದು ನಿಜವೇ, ಮೂಲೆಯಲ್ಲಿ ಒಂದು ಬೆರಳಷ್ಟು ಕರಿ ಉಳಿದಿದ್ದರೆ? ಪೀಪಾಯಿ, ಪೆಟ್ಟಿಗೆ ಹೇರಿಕೊಂಡು ಊಟದ ಹೊತ್ತಿಗೆ ಹೊರಟರು. ಮರುದಿನವೇ ಸಂತೆ.

ಆ ಮೂರು ನಾಲ್ಕು ದಿನ ನಾನು ಮಾಡಿದ ಅಡುಗೆಗೆ ಉಪ್ಪು ಬಿತ್ತೋ ಇಲ್ಲವೋ ತಿಳಿಯದು. ಪೂಜೆಗೆ ಕೂತರೆ ಅಂಗೈಯ ಲಿಂಗದ ಬದಲು ಆ ಕಬ್ಬಿಣದ ಗಡಿಗೆಯೇ ಕಣ್ಣಿಗೆ ಕಟ್ಟುತ್ತಿತ್ತು. ಅತ್ತೆ ಒಂದು ಸಲ, "ಕೀಲೆಣ್ಣೆ ಮಾಡಾಕೆ ನಿನಗೆ ಕಲಿಸಿದೋಳು ನಾನೇ ಬಿಡು" ಎಂದು ಗೊಣಗಿದರು. ಅವರ ಬಾಯಲ್ಲಿ ಅದು ಸಮಾಧಾನದ ಮಾತು.

ಸಂತೆ ಕಳೆದ ಮೂರನೆಯ ದಿನ ಮಧ್ಯಾಹ್ನ ಓಣಿಯ ತಿರುವಿನಲ್ಲಿ ಸದ್ದು ಕೇಳಿತು. ನಮ್ಮವರು ಕೆಂಪು ಧೂಳಿನಲ್ಲಿ ಮಿಂದು ಇಳಿದರು. ಜಗಲಿಯ ಮೇಲೆ ಕೂತು ನೀರು ಕುಡಿದು ಹೇಳಿದರು. ಸಂತೆಯ ಹಿಂದಿನ ಸಂಜೆಯೇ ಮುಟ್ಟಿದ್ದರು. ಕತ್ತಲಾಗುವುದರೊಳಗೆ ಬಾವಿಗಳಿಗೆ ಪುಡಿ ಬಿತ್ತು. ಬೆಳಿಗ್ಗೆ ಸಂತೆಯ ಬಾಯಲ್ಲಿ ಜೀಪು ಅಡ್ಡ ನಿಲ್ಲಿಸಿ, ಊರ ಹಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತೋಳು ಒಡ್ಡದವರನ್ನು ಡಾಕ್ಟರಮ್ಮ ಒಳಗೆ ಬಿಡಲಿಲ್ಲವಂತೆ. ಹಟ್ಟಿಗಳಲ್ಲಿ ಮಲಗಿದ್ದವರಲ್ಲಿ ಇಬ್ಬರು ಉಳಿಯಲಿಲ್ಲ. ಹೊಸದಾಗಿ ಯಾವ ಊರಿನಿಂದಲೂ ಸುದ್ದಿ ಬಂದಿಲ್ಲ.

ನಾನು ಕೇಳಬೇಕಾದದ್ದು ಬೇರೆಯೇ ಇತ್ತು. ಅವರೇ ತಂಬಿಗೆ ಕೆಳಗಿಟ್ಟು ಹೇಳಿದರು.

"ಐದೈದು ಮೈಲಿಗೂ ನಿಲ್ಸಿದ್ವಿ. ನನ್ನ ಇಳಿಯಾಕೆ ಬಿಡಲಿಲ್ಲ. ಅಮ್ಮಾವ್ರೇ ಇಳಿದು, ಬಗ್ಗಿ, ಕೈ ಇಟ್ಟು ನೋಡೋರು. ಹೋಗ್ತಾ ಬರ್ತಾ ಎಲ್ಲೂ ಕೈ ಸುಡಲಿಲ್ಲ."

ಮುಖ ಬೇರೆ ಕಡೆ ಮಾಡಿ ಮತ್ತೆ ಅಂದರು. "ಮುಂದಿನ ಸಲ ಎಣ್ಣೆ ನೀನೇ ನೋಡ್ಬೇಕಂತೆ. ಡಬ್ಬೀನ ಆಸ್ಪತ್ರೆಯಿಂದ ನಿನ್ನ ಕೈಗೇ ಕೊಡ್ತಾರಂತೆ."

ಬೇನೆಯ ಊರಿನಿಂದ ಬಂದ ಬಟ್ಟೆಯನ್ನು ಕುದಿಸದೆ ಮನೆಯೊಳಗೆ ತರಬಾರದೆಂದು ಡಾಕ್ಟರಮ್ಮ ಹೇಳಿಕಳಿಸಿದ್ದರು. ಅವರ ಅಂಗಿ, ಪಂಚೆ, ತಲೆಯ ವಸ್ತ್ರ ಎಲ್ಲವನ್ನೂ ಕೋಲಿನಿಂದ ಎತ್ತಿ ಹಂಡೆಗೆ ಹಾಕಿ, ಎರಡು ಹಿಡಿ ಸೋಡ ಸುರಿದು, ಒಲೆಗೆ ಸೌದೆ ಒಡ್ಡಿ ಊದತೊಡಗಿದೆ.